ಪ್ರಾಗ್ ಬಿಡಿ, ಮಾಗ್ಡೆಬುರ್ಗ್‌ಗೆ ಹೋಗಿ

"ಮಧ್ಯದಲ್ಲಿ ಸಿಗೋಣ" ಎನ್ನುವುದು ಕೇಳುವುದಕ್ಕೆ ಬಹಳ ನ್ಯಾಯವಾದ ಮಾತು. ಅವನು ಅರ್ಧ ದಾರಿ ಬರುತ್ತಾನೆ, ಅವಳು ಅರ್ಧ ದಾರಿ ಬರುತ್ತಾಳೆ. ಖರ್ಚು ಸಮ, ಆಯಾಸ ಸಮ, ಮೇಲೊಂದು ಹೊಸ ಊರು ನೋಡಿದ ಹಾಗೂ ಆಯಿತು. ಯುರೋಪಿಗೆ ಓದಲೋ ಆನ್‌ಸೈಟ್ ಕೆಲಸಕ್ಕೋ ಹೋದ ನಮ್ಮ ಹುಡುಗ ಹುಡುಗಿಯರು ಒಬ್ಬರು ಒಂದು ದೇಶದಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಸಿಕ್ಕಿಕೊಂಡಾಗ ಮೊದಲು ಕಂಡುಕೊಳ್ಳುವ ಉಪಾಯ ಇದೇ. ಈ ತಿಂಗಳು ಪ್ರಾಗ್, ಮುಂದಿನ ತಿಂಗಳು ಬ್ರೂಜ್, ಆಮೇಲೆ ವಿಯೆನ್ನಾ, ಸ್ಟ್ರಾಸ್‌ಬುರ್ಗ್, ಬುಡಾಪೆಸ್ಟ್. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಅವರ ವಾಟ್ಸಾಪ್ ಸ್ಟೇಟಸ್ ನೋಡುವ ನಮಗೆ ಸಣ್ಣ ಹೊಟ್ಟೆಕಿಚ್ಚು. ಮುಂದಿನ ಆನ್‌ಸೈಟ್‌ಗಾಗಿ ಮ್ಯಾನೇಜರ್ ಹಿಂದೆ ಬಿದ್ದಿರುವವರ ಕನಸಿನಲ್ಲೂ ಇದೇ ಪಟ್ಟಿ.

ಈ ಬರಹ ಆ ಪಟ್ಟಿಯ ವಿರುದ್ಧ. ದೂರದಲ್ಲಿರುವ ಇಬ್ಬರು ತಮ್ಮಿಬ್ಬರದೂ ಅಲ್ಲದ ಚೆಂದದ ಊರುಗಳಲ್ಲಿ ಮಾತ್ರ ಭೇಟಿಯಾಗುತ್ತ ಹೋದರೆ ಅವರಿಗೆ ಊರುಗಳ ಪರಿಚಯವಾಗುತ್ತದೆ, ಒಬ್ಬರಿಗೊಬ್ಬರ ಪರಿಚಯ ಆಗುವುದಿಲ್ಲ. ಅದರ ಬೆಲೆ ಆಗ ಗೊತ್ತಾಗುವುದೂ ಇಲ್ಲ. ಮದುವೆಯಾಗಿಯೋ ಆಗದೆಯೋ ಒಂದೇ ಸೂರಿನಡಿ ಬಂದ ಮೇಲೆ ಗೊತ್ತಾಗುತ್ತದೆ. ನಾನೂ ಎರಡು ವರ್ಷ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿದ್ದೆ, ನನ್ನ ಗಂಡ ಆಗ ಜರ್ಮನಿಯಲ್ಲಿದ್ದರು, ಈಗ ಇಬ್ಬರೂ ಪುಣೆಯಲ್ಲಿದ್ದೇವೆ. ಆದ್ದರಿಂದ ದಡದಲ್ಲಿ ನಿಂತು ಈಜು ಕಲಿಸುತ್ತಿದ್ದೇನೆ ಎಂದುಕೊಳ್ಳಬೇಡಿ.

ಮಾತಿಗೆ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಅವನು ಐಂಡ್‌ಹೋವನ್‌ನಲ್ಲಿ ಎಂಜಿನಿಯರ್, ಊರು ದಾವಣಗೆರೆ. ಅವಳು ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ ಎಂ.ಎಸ್. ವಿದ್ಯಾರ್ಥಿನಿ, ಊರು ಹಾಸನ. ಇಂಥವರು ಬೇಕಾದಷ್ಟು ಜನ ಇದ್ದಾರೆ, ನಿಮಗೂ ಒಬ್ಬಿಬ್ಬರು ಗೊತ್ತಿರುತ್ತಾರೆ. ಇಬ್ಬರ ನಡುವೆ ಆರೇಳು ಗಂಟೆಯ ರೈಲು ದಾರಿ. ಇಬ್ಬರ ಬಳಿಯೂ ರೆಸಿಡೆನ್ಸ್ ಕಾರ್ಡ್ ಇದೆ, ಷೆಂಗೆನ್ ದೇಶಗಳ ಒಳಗೆ ಓಡಾಡಲು ಹೊಸ ವೀಸಾ ಬೇಕಿಲ್ಲ. ಭಾರತದಿಂದ ಹೋಗುವವರು ಬ್ಯಾಂಕ್ ಸ್ಟೇಟ್‌ಮೆಂಟ್, ವಿಮೆ, ಹೋಟೆಲ್ ಬುಕಿಂಗ್ ಹಿಡಿದು ಪಡುವ ಪಾಡಿಗೆ ಹೋಲಿಸಿದರೆ ಇದು ದೊಡ್ಡ ಭಾಗ್ಯ. ಈ ಭಾಗ್ಯವನ್ನು ಅವರು ಖರ್ಚು ಮಾಡುವ ರೀತಿ ನೋಡಿ.

ಶುಕ್ರವಾರ ರಾತ್ರಿ ಒಂಬತ್ತಕ್ಕೆ ಪ್ರಾಗ್ ತಲುಪಿದರು ಅನ್ನಿ. ಭಾನುವಾರ ಸಂಜೆ ನಾಲ್ಕಕ್ಕೆ ವಾಪಸ್ ಹೊರಡಬೇಕು. ನಡುವೆ ಇರುವುದು 43 ಗಂಟೆ. ಎರಡು ರಾತ್ರಿಯ ನಿದ್ದೆಗೆ 15 ಗಂಟೆ ತೆಗೆಯಿರಿ, ಉಳಿದದ್ದು 28. ಅದರಲ್ಲಿ ಕೋಟೆಯ ಮುಂದಿನ ಸಾಲು, ಗಡಿಯಾರದ ಮುಂದೆ ಗಂಟೆ ಹೊಡೆಯುವುದನ್ನು ಕಾಯುವುದು, ಟ್ರಾಮ್ ತಪ್ಪುವುದು, ಸಸ್ಯಾಹಾರ ಹುಡುಕುವುದು, ಚೆಕ್‌ಇನ್, ಚೆಕ್‌ಔಟ್, ಬ್ಯಾಗ್ ಇಡಲು ಲಾಕರ್. ಚಾರ್ಲ್ಸ್ ಸೇತುವೆಯ ಮೇಲೆ ಜನ ಇಲ್ಲದ ಫೋಟೋ ಬೇಕೆಂದರೆ ಬೆಳಿಗ್ಗೆ ಐದೂವರೆಗೆ ಏಳಬೇಕು, ಆಗ ನಿದ್ದೆಯ ಲೆಕ್ಕವೂ ಸುಳ್ಳಾಗುತ್ತದೆ. ಆ ಸೇತುವೆಗೆ ಅಡಿಗಲ್ಲು ಹಾಕಿದ್ದು 1357ರಲ್ಲಿ. ಅದು ಇನ್ನೂ ಇರುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ. ತಿಂಗಳಿಗೆ ಒಂದೇ ಸಲ ಸಿಗುವ ಮನುಷ್ಯ ಭಾನುವಾರ ಸಂಜೆ ನಾಲ್ಕಕ್ಕೆ ಹೊರಟುಬಿಡುತ್ತಾನೆ. ಹೀಗಿರುವಾಗ ನಾವು ಯಾವುದರ ಮುಖ ನೋಡುತ್ತ ಗಂಟೆ ಕಳೆಯಬೇಕು?

ಇನ್ನು ದುಡ್ಡು. ಜರ್ಮನಿಗೆ ಓದಲು ಹೋಗುವವರು ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚು ಕಟ್ಟಿಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ತಿಂಗಳಿಗೆ ಕೈಗೆ ಬರುವುದು 992. ಅದರಲ್ಲೇ ಬಾಡಿಗೆ, ಆರೋಗ್ಯ ವಿಮೆ, ದಿನಸಿ. ಮನೆಗೊಂದರಂತೆ ರೇಡಿಯೋ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ. ಎರಡು ರಾತ್ರಿ ಹೋಟೆಲು, ಬಸ್ಸು, ಊಟ, ಪ್ರವೇಶ ಟಿಕೆಟ್ ಸೇರಿ ಒಬ್ಬರ ಪಾಲಿಗೆ 200 ಯೂರೋ ಎಂದು ಕಮ್ಮಿಯಲ್ಲೇ ಹಿಡಿಯಿರಿ. ಅವಳ ತಿಂಗಳ ದುಡ್ಡಿನ ಐದನೇ ಒಂದು ಪಾಲು ಎರಡು ದಿನಕ್ಕೆ ಹೋಯಿತು. ಅವನ ಸಂಬಳಕ್ಕೆ ಅದು ತಟ್ಟುವುದೇ ಇಲ್ಲ. "ಮಧ್ಯದಲ್ಲಿ ಸಿಗೋಣ" ಎಂಬುದರ ಸಮಪಾಲು ಭೂಪಟದ ಮೇಲೆ ಮಾತ್ರ.

ಆಮೇಲೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. "ಬಿಡೇ, ನಾನು ಕೊಡ್ತೀನಿ" ಅನ್ನುತ್ತಾನೆ ಅವನು. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾನೆ. ಎರಡು ಸಲ ಸರಿ. ಆರನೇ ಸಲಕ್ಕೆ ಅವಳು ಅತಿಥಿಯಾಗಿರುತ್ತಾಳೆ. ಅತಿಥಿಗೆ ಹೋಟೆಲ್ ರೂಮು ಚೆನ್ನಾಗಿಲ್ಲ ಎನ್ನುವ ಹಕ್ಕಿಲ್ಲ, ನನಗೆ ಈ ಚರ್ಚು ನೋಡಿ ಸಾಕಾಗಿದೆ ಎನ್ನುವ ಹಕ್ಕಿಲ್ಲ, ಮುಟ್ಟಿನ ಹೊಟ್ಟೆನೋವಿದೆ, ಇವತ್ತು ಎಲ್ಲಿಗೂ ಬೇಡ, ಮಲಗೋಣ ಎನ್ನುವ ಹಕ್ಕಂತೂ ಇಲ್ಲವೇ ಇಲ್ಲ. ಅಷ್ಟು ದುಡ್ಡು ಕೊಟ್ಟು ಬಂದಿದ್ದೇವಲ್ಲ! ಪ್ರೀತಿಯಲ್ಲಿ ಋಣ ಇರಬಾರದು ಎಂದು ನಾನು ಹೇಳುವುದಿಲ್ಲ. ಇಂಥ ಋಣ ಬಾಯಿ ಕಟ್ಟುತ್ತದೆ, ಅದು ನನ್ನ ತಕರಾರು. ಅವನೇ ಮಾಗ್ಡೆಬುರ್ಗ್‌ಗೆ ಹೋಗಿದ್ದರೆ ಅವಳಿಗೆ ಆಗುತ್ತಿದ್ದ ಖರ್ಚು ಒಂದು ಪ್ಯಾಕೆಟ್ ಸೋನಾ ಮಸೂರಿ, ಒಂದಿಷ್ಟು ತರಕಾರಿ. ಆಗ ಅವಳು ಮನೆಯೊಡತಿ, ಅವನು ಅತಿಥಿ. ಮುಂದಿನ ತಿಂಗಳು ಅದು ತಿರುಗುಮುರುಗು. ನಿಜವಾದ ಸಮಪಾಲು ಅದು.

ಜಗಳದ ವಿಷಯಕ್ಕೆ ಬರೋಣ, ಏಕೆಂದರೆ ವಾರಾಂತ್ಯದ ಪ್ರವಾಸದಲ್ಲಿ ಮೊದಲು ಸಾಯುವುದು ಜಗಳ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಉಂಡು ಮಲಗಲು ಒಂದೇ ಮನೆ ಇದೆ ಎಂದು ಆ ಗಾದೆ ಮೊದಲೇ ಇಟ್ಟುಕೊಂಡಿದೆ. ಪ್ರಾಗ್‌ನಲ್ಲಿ ಶನಿವಾರ ಮಧ್ಯಾಹ್ನ ಒಂದು ಮಾತು ಬಂತು ಅನ್ನಿ. ಅವಳು ಕೆಲಸ ಸಿಕ್ಕರೆ ಜರ್ಮನಿಯಲ್ಲೇ ಇರುತ್ತೇನೆ ಎಂದಳು, ಅವನು ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದಾನೆ. ಇಬ್ಬರೂ ಕೂತು ಒಂದು ವಾರ ಹರಿದು ಹಂಚಿ ಮಾತಾಡಬೇಕಾದ ವಿಷಯ ಅದು. ಆದರೆ ಇಬ್ಬರ ತಲೆಯಲ್ಲೂ ಓಡುವುದು ಒಂದೇ: ವೀಕೆಂಡ್ ಹಾಳಾಗಬಾರದು. "ಆಮೇಲೆ ಫೋನಲ್ಲಿ ಮಾತಾಡೋಣ" ಎಂದು ಮುಚ್ಚಿಟ್ಟು ಸಂಜೆಯ ದೋಣಿಗೆ ಓಡುತ್ತಾರೆ. ಫೋನಿನಲ್ಲಿ ಮಾತಾಡಲಾಗದ್ದನ್ನು ಮಾತಾಡಲೆಂದೇ ಭೇಟಿಯಾಗುವುದು, ಭೇಟಿಯಾದಾಗ ಅದನ್ನು ಫೋನಿಗೆ ಬಿಡುವುದು. ಹೀಗೆ ಎಂಟು ಹತ್ತು ಊರು ಸುತ್ತಿ ಬಂದವರ ನಡುವೆ ಒಂದೇ ಒಂದು ದೊಡ್ಡ ಪ್ರಶ್ನೆಯೂ ಇತ್ಯರ್ಥವಾಗಿರುವುದಿಲ್ಲ.

ಪ್ರಾಗ್ ಎಂದ ಮೇಲೆ ಕಾಫ್ಕಾನನ್ನು ಬಿಡುವ ಹಾಗಿಲ್ಲ. ಶಾಪಿಂಗ್ ಸೆಂಟರ್ ಪಕ್ಕದಲ್ಲಿ ಡೇವಿಡ್ ಚೆರ್ನಿ 2014ರಲ್ಲಿ ನಿಲ್ಲಿಸಿದ ಕಾಫ್ಕಾನ ತಲೆ ಇದೆ. 42 ಪದರಗಳ ಉಕ್ಕಿನ ತಲೆ, ಪದರ ಪದರವಾಗಿ ತಿರುಗುತ್ತದೆ. ನಮ್ಮ ಜೋಡಿಗಳು ಅದರ ಮುಂದೆ ನಿಂತು ರೀಲ್ ಮಾಡುತ್ತಾರೆ. ದೂರದ ಪ್ರೀತಿಯ ವಿಷಯದಲ್ಲಿ ಆ ತಲೆಯ ಒಡೆಯನಿಗಿಂತ ಅನುಭವಿ ಆ ಊರಿನಲ್ಲಿ ಇನ್ನೊಬ್ಬ ಇರಲಾರ. ಅವನು ಪ್ರಾಗ್‌ನಲ್ಲಿ, ಫೆಲಿಸ್ ಬಾವರ್ ಬರ್ಲಿನ್‌ನಲ್ಲಿ. 1912ರಿಂದ 1917ರವರೆಗೆ ಅವನು ಅವಳಿಗೆ ಬರೆದ ಪತ್ರಗಳು 500ಕ್ಕೂ ಹೆಚ್ಚು. ಎರಡು ಸಲ ನಿಶ್ಚಿತಾರ್ಥ, ಎರಡು ಸಲವೂ ಮುರಿಯಿತು. ಮೊದಲ ಸಲ ಮುರಿದ ಮೇಲೆ, 1915ರ ಜನವರಿಯಲ್ಲಿ, ಇಬ್ಬರೂ ಒಂದು ವಾರಾಂತ್ಯ ಮಧ್ಯದ ಊರೊಂದರಲ್ಲಿ ಸಿಕ್ಕಿದರು. ಬೋಡೆನ್‌ಬಾಖ್ ಎಂಬ ಗಡಿಯ ಊರು. ಆ ಭೇಟಿ ನೀರಸವಾಗಿ ಮುಗಿಯಿತು. 1916ರ ಜುಲೈನಲ್ಲಿ ಮರಿಯನ್‌ಬಾದ್ ಎಂಬ ಊರಿನಲ್ಲಿ ಸುಮಾರು ಹತ್ತು ದಿನ ಒಟ್ಟಿಗಿದ್ದರು. ಮೊದಲ ಕೆಲವು ದಿನ ಯಾತನೆ, ಆಮೇಲೆ ಹೇಗೋ ಗಂಟು ಸಡಿಲಾಗಿ, ಅವರ ಸಂಬಂಧದ ಅತ್ಯಂತ ನೆಮ್ಮದಿಯ ದಿನಗಳು ಅಲ್ಲೇ ಸಿಕ್ಕವು. ಅದು ವಾರಾಂತ್ಯದ ಭೇಟಿಯಾಗಿದ್ದರೆ ಯಾತನೆಯ ಭಾಗ ಮುಗಿಯುವ ಮೊದಲೇ ರೈಲಿಗೆ ಹೊತ್ತಾಗುತ್ತಿತ್ತು.

1920ರಲ್ಲಿ ಇನ್ನೊಂದು ಕತೆ. ಈಗ ಮಿಲೆನಾ ಯೆಸೆನ್ಸ್ಕಾ, ಅವಳಿದ್ದದ್ದು ವಿಯೆನ್ನಾದಲ್ಲಿ. ಕಾಫ್ಕಾ ಅವಳ ಊರಿಗೇ ಹೋದ. ನಾಲ್ಕು ದಿನ ಅವಳ ಜೊತೆ ಆ ಊರಿನ ಅಂಚಿನ ಕಾಡುಗುಡ್ಡಗಳಲ್ಲಿ ನಡೆದಾಡಿದ. ಅವು ಒಳ್ಳೆಯ ದಿನಗಳು. ಅದೇ ಆಗಸ್ಟಿನಲ್ಲಿ ಇಬ್ಬರೂ ಮತ್ತೆ ಭೇಟಿಯಾದರು, ಈ ಸಲ ಪ್ರಾಗ್ ಮತ್ತು ವಿಯೆನ್ನಾ ಎರಡರ ನಡುವಿನ ಗ್ಮುಂಡ್ ಎಂಬ ಗಡಿಯ ಊರಿನಲ್ಲಿ. ಅದೂ ಒಂದು ಶನಿವಾರ, ಭಾನುವಾರ. ಆ ಎರಡು ದಿನದ ನಂತರ ಸಂಬಂಧ ಇಳಿಮುಖವಾಯಿತು. ತಪ್ಪು ಗ್ಮುಂಡಿನದು ಎನ್ನುವಷ್ಟು ಮೂರ್ಖಳಲ್ಲ ನಾನು. ಮಿಲೆನಾಗೆ ಮದುವೆಯಾಗಿತ್ತು, ಕಾಫ್ಕಾನಿಗೆ ಕ್ಷಯವಿತ್ತು, ಅವನ ಹೆದರಿಕೆಗಳು ನೂರಿದ್ದವು. ಆದರೂ ಮಧ್ಯದಲ್ಲಿ ಸಿಕ್ಕ ಎರಡು ವಾರಾಂತ್ಯಗಳೂ ಸೋತವು, ಅವಳ ಊರಿಗೆ ಹೋದದ್ದು ಮತ್ತು ಹತ್ತು ದಿನ ಒಂದೆಡೆ ಕೂತದ್ದು ಫಲ ಕೊಟ್ಟವು ಎಂಬುದನ್ನು ಆ ತಿರುಗುವ ತಲೆಯ ಮುಂದೆ ನಿಂತಾಗಲಾದರೂ ಒಮ್ಮೆ ನೆನೆಸಿಕೊಳ್ಳಬಹುದು.

"ಹಾಗಾದರೆ ಮಾಗ್ಡೆಬುರ್ಗ್‌ನಲ್ಲಿ ಏನಿದೆ ನೋಡೋಕೆ?" ಇದು ಮೊದಲ ಆಕ್ಷೇಪ. ಅವಳಿದ್ದಾಳೆ ಎನ್ನುವುದು ಸಾಕಾಗದಿದ್ದರೆ ಕೇಳಿ. 1945ರ ಜನವರಿ 16ರ ಬಾಂಬ್ ದಾಳಿಯಲ್ಲಿ ಹಳೆಯ ಊರಿನ ಬಹುಪಾಲು ನೆಲಸಮವಾದ ಪಟ್ಟಣ ಅದು. ಪೂರ್ವ ಜರ್ಮನಿಯ ಕಾಲದ ಸಪಾಟು ಕಟ್ಟಡಗಳ ನಡುವೆ 1209ರಲ್ಲಿ ಶುರುವಾದ ದೊಡ್ಡ ಚರ್ಚು ನಿಂತಿದೆ, ಒಳಗೆ ಚಕ್ರವರ್ತಿ ಒಟ್ಟೋನ ಸಮಾಧಿ. ನಮ್ಮ ಹೈಸ್ಕೂಲು ವಿಜ್ಞಾನದ ಪಾಠದಲ್ಲಿ ಬಂದ ಮಾಗ್ಡೆಬುರ್ಗ್ ಅರ್ಧಗೋಳಗಳು ನೆನಪಿವೆಯೆ? ಈ ಊರಿನ ಮೇಯರ್ ಆಗಿದ್ದ ಒಟ್ಟೋ ಫಾನ್ ಗೆರಿಕೆ 17ನೇ ಶತಮಾನದಲ್ಲಿ ಎರಡು ತಾಮ್ರದ ಅರ್ಧಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದ. ಎರಡು ಕಡೆಯಿಂದ ಕುದುರೆ ಕಟ್ಟಿ ಎಳೆಸಿದರೂ ಅವು ಬಿಡಲಿಲ್ಲ. ಒಳಗೆ ಏನೂ ಇರಲಿಲ್ಲ, ಹೊರಗಿನ ಗಾಳಿಯ ಒತ್ತಡ ಅವನ್ನು ಹಿಡಿದಿತ್ತು. ಒಂದು ಸಣ್ಣ ತಿರುಪು ತೆರೆದು ಗಾಳಿ ಒಳಗೆ ಬಿಟ್ಟರೆ ಸಾಕು, ಕೈಯಲ್ಲೇ ಬೇರೆಯಾಗುತ್ತವೆ. ಸ್ಟೇಟಸ್‌ಗೆ ಬೀಳುವ ಹಾರ್ಟುಗಳು, "ಕಪಲ್ ಗೋಲ್ಸ್" ಎನ್ನುವ ಕಾಮೆಂಟುಗಳು, ಮುಂದಿನ ಬುಕಿಂಗ್, ಇವೆಲ್ಲ ಹೊರಗಿನ ಒತ್ತಡವೇ. ಒಳಗಿನ ಗಾಳಿ ಯಾವತ್ತೋ ಒಂದು ದಿನ ಬಿಡಲೇಬೇಕಲ್ಲ.

ಐಂಡ್‌ಹೋವನ್ ಬಗ್ಗೆಯೂ ಇದೇ ದೂರು. ಫಿಲಿಪ್ಸ್ ಕಂಪನಿ 1891ರಲ್ಲಿ ಹುಟ್ಟಿ ಬೆಳೆಸಿದ ಊರು, ಕಾರ್ಖಾನೆಯ ಊರು, ನೋಡಲು ಕಾಲುವೆಗಳ ಸೊಬಗಿಲ್ಲ. ಅಲ್ಲಿಂದ ನಮ್ಮವರು ಆಮ್‌ಸ್ಟರ್‌ಡಾಮ್‌ಗೆ ಓಡಿ ವ್ಯಾನ್ ಗೋ ಮ್ಯೂಸಿಯಮ್ಮಿನ ಟಿಕೆಟ್ ಹುಡುಕುತ್ತಾರೆ. ಅಲ್ಲಿ ಗೋಡೆಯ ಮೇಲಿರುವ 'ಆಲೂಗಡ್ಡೆ ತಿನ್ನುವವರು' ಎಂಬ ಚಿತ್ರವನ್ನು ಅವನು 1885ರಲ್ಲಿ ಬರೆದದ್ದು ನ್ಯೂನೆನ್ ಎಂಬ ಹಳ್ಳಿಯಲ್ಲಿ. ಐಂಡ್‌ಹೋವನ್‌ನಿಂದ ಆ ಹಳ್ಳಿಗೆ ಸೈಕಲ್ ತುಳಿದು ಹೋಗಬಹುದು, ನಾನು ಎಷ್ಟೋ ಸಲ ಹೋಗಿದ್ದೇನೆ. ಚಿತ್ರದಲ್ಲಿರುವುದಾದರೂ ಏನು? ಒಂದು ದೀಪ, ಐದು ಜನ, ರಾತ್ರಿಯ ಊಟ, ದಿನವಿಡೀ ಮಣ್ಣು ಮುಟ್ಟಿದ ಕೈಗಳು. ಒಂದು ಮನೆಯ ದಿನನಿತ್ಯದ ಊಟ ಇಷ್ಟು ಹೊತ್ತು ನೋಡಲು ಯೋಗ್ಯ ಎಂದು ಆ ಮನುಷ್ಯ ತಿಳಿದಿದ್ದ. ನಾವು ಟಿಕೆಟ್ ಕೊಟ್ಟು ಆ ಊಟ ನೋಡಿ ಬರುತ್ತೇವೆ. ನಮ್ಮವರ ದಿನನಿತ್ಯದ ಊಟಕ್ಕೆ ಮಾತ್ರ ನಮ್ಮಲ್ಲಿ ಹೊತ್ತಿಲ್ಲ.

ಎರಡನೇ ಆಕ್ಷೇಪ ಗಟ್ಟಿಯಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಲು ನಾನು ತಯಾರಿಲ್ಲ. ಮದುವೆಯಾಗದ ಜೋಡಿಗೆ ಭಾರತದಲ್ಲಿ ಒಂದು ರೂಮು ಸಿಗುವುದು ಎಷ್ಟು ಕಷ್ಟ ಎಂದು ಬಾಡಿಗೆ ಮನೆ ಹುಡುಕಿದ, ಲಾಡ್ಜಿನ ಕೌಂಟರಿನಲ್ಲಿ ನಿಂತ ಎಲ್ಲರಿಗೂ ಗೊತ್ತು. ಇಬ್ಬರ ಆಧಾರ್ ನೋಡಿ, ಮೇಲಿಂದ ಕೆಳಗೆ ನೋಡಿ, "ಲೋಕಲ್ ಐಡಿಗೆ ಕೊಡಲ್ಲ" ಎನ್ನುವ ಆ ಧ್ವನಿ. ಯುರೋಪಿನ ಹೋಟೆಲಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಪಾಸ್‌ಪೋರ್ಟ್ ನೋಡಿ ಕೀಲಿ ಕೊಡುತ್ತಾರೆ. ಆ ಕೀಲಿ ಕೈಗೆ ಬಂದಾಗ ಆಗುವ ನಿರಾಳ ಸಣ್ಣದಲ್ಲ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಐಂಡ್‌ಹೋವನ್‌ನಲ್ಲಿ ಕನ್ನಡದವರಿದ್ದಾರೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತಾರೆ. ಅವಳು ಅವನ ಮನೆಗೆ ಬಂದು ಎರಡು ದಿನ ಇದ್ದದ್ದನ್ನು ಒಬ್ಬ ಆಂಟಿ ನೋಡಿದರೆ ಸಾಯಂಕಾಲದ ಹೊತ್ತಿಗೆ ದಾವಣಗೆರೆಗೆ ಸುದ್ದಿ ಮುಟ್ಟುತ್ತದೆ. ಪ್ರಾಗ್‌ನಲ್ಲಾದರೆ ಆ ಭಯವಿಲ್ಲ ಎಂದು ಲೆಕ್ಕ. ಚಾರ್ಲ್ಸ್ ಸೇತುವೆಯ ಮೇಲೆ ಹಿಂದಿನಿಂದ "ಲೇ ಮಗಾ, ಇಲ್ಲೊಂದು ತೆಗಿಯೋ" ಎಂದು ಕೇಳಿಸಿದಾಗ ಆ ಲೆಕ್ಕವೂ ತಪ್ಪುತ್ತದೆ, ಅದು ಬೇರೆ ಮಾತು.

ಆ ನಿರಾಳವನ್ನು ನಾನು ಗೌರವಿಸುತ್ತೇನೆ. ಆದರೆ ಅದು ಪ್ರಾಗ್ ಕೊಟ್ಟದ್ದಲ್ಲ, ಯಾರೂ ಕೇಳದ ಬಾಗಿಲು ಕೊಟ್ಟದ್ದು. ಆ ಬಾಗಿಲು ಮಾಗ್ಡೆಬುರ್ಗ್‌ನಲ್ಲೂ ಇದೆ. ಶೇರಿಂಗ್ ಮನೆ ಎಂದರೆ ಜೊತೆಗಿರುವವರನ್ನು ಮೊದಲೇ ಕೇಳಿಕೊಳ್ಳಬೇಕು, ಬಾತ್‌ರೂಮಿಗೆ ಸರದಿ ಕಾಯಬೇಕು, ಒಪ್ಪುತ್ತೇನೆ. ಅದೂ ಆಗದಿದ್ದರೆ ಅವಳ ಊರಿನಲ್ಲೇ ಅಗ್ಗದ ಹೋಟೆಲು ಹಿಡಿಯಿರಿ. ಹಗಲು ಅವಳ ಓಣಿಯಲ್ಲಿ ಓಡಾಡಿ. ಕಾಣದ ಊರಿನಲ್ಲಿ ಕಾಣದಂತೆ ಸಿಗುವುದನ್ನು ಒಂದು ವರ್ಷ ಅಭ್ಯಾಸ ಮಾಡಿದ ಜೋಡಿಗೆ ಎರಡನೇ ವರ್ಷ ಬಾಯಿ ಬಿಟ್ಟು "ಇವಳು ನನ್ನವಳು" ಎನ್ನಲು ಧೈರ್ಯ ಎಲ್ಲಿಂದ ಬರುತ್ತದೆ? ಐಂಡ್‌ಹೋವನ್‌ನ ಆಂಟಿಯನ್ನೇ ಎದುರಿಸಲಾಗದವನು ದಾವಣಗೆರೆಯ ಅಪ್ಪನನ್ನು ಹೇಗೆ ಎದುರಿಸುತ್ತಾನೆ? ಜಾತಿ ಬೇರೆಯಾಗಿದ್ದರಂತೂ ಈ ಪ್ರಶ್ನೆ ಇನ್ನೂ ಹರಿತ. ನಮ್ಮ ಎಷ್ಟೋ ಪ್ರೀತಿಗಳು ಸಾಯುವುದು ಕಿಲೋಮೀಟರ್‌ಗಳಿಂದಲ್ಲ, ಈ ಮುಚ್ಚುಮರೆಯಿಂದ. ಹಳೆಯ ಊರುಗಳ ಚೆಂದ ಆ ಮುಚ್ಚುಮರೆಗೆ ಒಳ್ಳೆಯ ಪರದೆಯಾಗಿದೆ.

ಮೂರನೇ ಆಕ್ಷೇಪ: "ಈಗ ಬಿಟ್ಟರೆ ಯುರೋಪು ಮತ್ತೆ ಯಾವಾಗ ನೋಡೋದು?" ನೋಡಿ, ಖಂಡಿತ ನೋಡಿ. ಪ್ರವಾಸದ ಮೇಲೆ ನನಗೆ ದ್ವೇಷವಿಲ್ಲ. ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ' ಓದಿದವರಿಗೆ ಗೊತ್ತು, ಆ ಊರುಗಳನ್ನು ನೋಡುವುದೇ ಒಂದು ಪೂರ್ತಿ ಕೆಲಸ. ಗೆಳೆಯರ ಜೊತೆ ಹೋಗಿ, ಒಬ್ಬರೇ ಹೋಗಿ. ಒಬ್ಬರೇ ಹೋದರೆ ಊರು ಚೆನ್ನಾಗಿ ಕಾಣುತ್ತದೆ ಕೂಡ. ಎರಡು ಹಸಿವನ್ನು ಒಂದೇ ತಟ್ಟೆಯಲ್ಲಿ ತೀರಿಸಲು ಹೊರಟಾಗ ಊರಿಗೂ ಅನ್ಯಾಯ, ಮನುಷ್ಯರಿಗೂ ಅನ್ಯಾಯ.

ಊರಿಗೆ ಆಗುವ ಅನ್ಯಾಯವೂ ಸಣ್ಣದಲ್ಲ. ವೆನಿಸ್‌ನ ಹಳೆಯ ದ್ವೀಪದಲ್ಲಿ 1950ರ ಸುಮಾರಿಗೆ 1,70,000ಕ್ಕೂ ಹೆಚ್ಚು ಜನ ವಾಸವಿದ್ದರು, ಈಗ 50,000ಕ್ಕೂ ಕಮ್ಮಿ. 2024ರ ಏಪ್ರಿಲ್ 25ರಿಂದ ಆ ಊರು ಕೆಲವು ದಿನಗಳಂದು ಹಗಲು ಬಂದು ಹೋಗುವವರಿಂದ 5 ಯೂರೋ ಪ್ರವೇಶ ಶುಲ್ಕ ತೆಗೆದುಕೊಳ್ಳಲು ಶುರುಮಾಡಿತು. ಊರಿಗೆ ಟಿಕೆಟ್! ಪ್ಯಾರಿಸ್‌ನ ಪೋಂ ದೇ ಸಾರ್ ಸೇತುವೆಗೆ ಜೋಡಿಗಳು ಬೀಗ ಹಾಕಿ ಕೀಲಿಯನ್ನು ನದಿಗೆಸೆಯುತ್ತಿದ್ದರು. 2014ರ ಜೂನ್‌ನಲ್ಲಿ ಆ ಭಾರಕ್ಕೆ ಕಟಕಟೆಯ ಒಂದು ಭಾಗ ಕುಸಿಯಿತು, ಮರುವರ್ಷ ನಗರಾಡಳಿತ ಸುಮಾರು 45 ಟನ್ ಬೀಗ ಕಿತ್ತು ಸಾಗಿಸಿತು. ಆ ಬೀಗಗಳ ಮೇಲೆ ಹೆಸರು ಕೆತ್ತಿಸಿದವರಲ್ಲಿ ಬಹಳಷ್ಟು ಜನ ಆ ಊರಿನಲ್ಲಿ ಎರಡು ದಿನ ಇದ್ದವರು. ಇನ್ನೊಂದು ಕಡೆ ಕೊಲೋನ್ ನೋಡಿ. ಅಲ್ಲಿನ ದೊಡ್ಡ ಚರ್ಚಿನ ಕೆಲಸ ಶುರುವಾದದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ನಡುವೆ ಕೆಲಸ ನಿಂತುಹೋಗಿ, ಅರ್ಧಕ್ಕೆ ನಿಂತ ಗೋಪುರದ ಮೇಲೆ ಕಲ್ಲೆತ್ತುವ ಮರದ ಯಂತ್ರವೊಂದು ಶತಮಾನಗಳ ಕಾಲ ಹಾಗೇ ನಿಂತಿತ್ತು. ಆ ಅರ್ಧ ಗೋಪುರದ ಕೆಳಗೆ ಜನ ಹುಟ್ಟಿ, ಸಂತೆ ಮಾಡಿ, ಜಗಳವಾಡಿ ಸತ್ತರು. ನಾವು ಮೆಚ್ಚಿಕೊಂಡು ಫೋಟೋ ತೆಗೆಯುವ ಚೆಂದ ಹೀಗೆ ಇದ್ದು ಇದ್ದು ಆದದ್ದು. ಯಾರೋ ವಾರಾಂತ್ಯಕ್ಕೆ ಬಂದು ಕಟ್ಟಿದ್ದಲ್ಲ.

ಈ ಪತ್ರಿಕೆ ಓದುವ ಮುಂಬೈ ಕನ್ನಡಿಗರಿಗೆ ದೂರದ ದಾಂಪತ್ಯ ಹೊಸದೇನಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿದು, ಕನ್ನಡದ ರಾತ್ರಿ ಶಾಲೆಗಳಲ್ಲಿ ಕಲಿತವರ ತಲೆಮಾರು ನೆನೆಸಿಕೊಳ್ಳಿ. ಹೆಂಡತಿ ಊರಲ್ಲಿ, ಗಂಡ ಮುಂಬೈಯಲ್ಲಿ, ನಡುವೆ ಮನಿಯಾರ್ಡರು. ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಗಂಡ ಸೀರೆ, ಮಿಠಾಯಿ, ಸೆಂಟು ತರುತ್ತಿದ್ದ. ಆ ಹದಿನೈದು ದಿನ ಹಬ್ಬ. ಅವನು ಮುಂಬೈಯಲ್ಲಿ ಎಲ್ಲಿ ಮಲಗುತ್ತಾನೆ, ಎಷ್ಟು ಜನರ ನಡುವೆ ಮಲಗುತ್ತಾನೆ, ಜ್ವರ ಬಂದರೆ ಗಂಜಿ ಯಾರು ಕೊಡುತ್ತಾರೆ ಎಂದು ಎಷ್ಟೋ ಹೆಂಗಸರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಿದ್ದದ್ದು ರಜೆಯ ಗಂಡ ಮಾತ್ರ. ಅವರಿಗೆ ಬೇರೆ ದಾರಿ ಇರಲಿಲ್ಲ, ಟಿಕೆಟ್ಟಿಗೂ ರಜೆಗೂ ಬಡತನ. ಬಡತನ ಅವರಿಂದ ಮಾಡಿಸಿದ್ದನ್ನು ನಾವು ಸಂಬಳ ಕೊಟ್ಟು ಮಾಡಿಕೊಳ್ಳುತ್ತಿದ್ದೇವೆ. ಆರೇಳು ಗಂಟೆಯ ರೈಲಿದ್ದೂ, ಕೈಯಲ್ಲಿ ದುಡ್ಡಿದ್ದೂ, ರಜೆಯ ಗೆಳೆಯ, ರಜೆಯ ಗೆಳತಿಯಾಗಿಯೇ ಉಳಿಯುತ್ತೇವೆ. ಯುರೋಪಿನವರನ್ನೇ ಏಕೆ ಆಡಬೇಕು? ಪುಣೆಯ ಹುಡುಗ, ಬೆಂಗಳೂರಿನ ಹುಡುಗಿ ತಿಂಗಳಿಗೊಮ್ಮೆ ಗೋವಾದಲ್ಲಿ ಸಿಗುವುದೂ ಇದೇ ಮಾತು.

ಅವಳ ಊರಿಗೆ ಹೋದರೆ ಏನು ಸಿಗುತ್ತದೆ? ಶನಿವಾರ ಸಂಜೆಯೊಳಗೆ ಹಾಲು, ಮೊಸರು, ಬ್ರೆಡ್ಡು ತಂದಿಟ್ಟುಕೊಳ್ಳಬೇಕು ಎಂದು ಗೊತ್ತಾಗುತ್ತದೆ, ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ. ಖಾಲಿ ಬಾಟಲಿಗಳನ್ನು ಚೀಲದಲ್ಲಿ ಹೊತ್ತು ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿ ಬಾಟಲಿಗೆ 25 ಸೆಂಟ್ ವಾಪಸ್ ಪಡೆಯುವಾಗ ಅವಳು ಆ ಚೀಟಿಯನ್ನು ಎಷ್ಟು ಜೋಪಾನವಾಗಿ ಇಟ್ಟುಕೊಳ್ಳುತ್ತಾಳೆ ಎಂದು ಕಾಣುತ್ತದೆ. ಆಗ 992 ಯೂರೋ ಎಂದರೆ ಏನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳ ಮೇಜು ಕಿಟಕಿಗೆ ಬೆನ್ನು ಮಾಡಿದೆ, ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು, ಆ ಕತ್ತಲಲ್ಲಿ ಅವಳು ಫೋನ್ ಮಾಡಿ ಸುಮ್ಮನೆ ಕೂರುತ್ತಿದ್ದದ್ದು ಇಲ್ಲೇ. ಅವಳು ಅವನ ಊರಿಗೆ ಬಂದಾಗ ಅವನು ದಿನಕ್ಕೆ ಎರಡು ಸಲ ಅಮ್ಮನಿಗೆ ಫೋನ್ ಮಾಡುವುದನ್ನು ನೋಡುತ್ತಾಳೆ, ಸಿಂಕಿನಲ್ಲಿ ಮೂರು ದಿನದ ಪಾತ್ರೆ ನೋಡುತ್ತಾಳೆ, ಪಾತ್ರೆಯ ಬಗ್ಗೆ ಜಗಳವಾಡುತ್ತಾಳೆ, ಉಂಡು ಮಲಗುತ್ತಾರೆ. ಅವನಿಗೆ ಈ ಊರಿನಲ್ಲಿ ಗೆಳೆಯರಿದ್ದಾರೋ ಇಲ್ಲವೋ, ಒಬ್ಬನೇ ಎಷ್ಟು ಕುಡಿಯುತ್ತಾನೆ, ಕ್ಲೀನ್ ಮಾಡುವವರ ಜೊತೆ ಹೇಗೆ ಮಾತಾಡುತ್ತಾನೆ, ಇವೆಲ್ಲ ಬಾಳ್ವೆಗೆ ಬೇಕಾದ ಮಾಹಿತಿ. ಬುಡಾಪೆಸ್ಟಿನ ಯಾವ ದೋಣಿಯಲ್ಲೂ ಅದು ಸಿಗುವುದಿಲ್ಲ. ನನ್ನ ಗಂಡ ಅಡುಗೆ ಮನೆಯಲ್ಲಿ ಚಿಂತೆ ಬಂದಾಗ ಗ್ಯಾಸ್ ಒಲೆ ಒರೆಸುತ್ತಾರೆ. ಅದು ಚಿಂತೆಯ ಗುರುತು ಎಂದು ನಾನು ಕಲಿತದ್ದು ಅವರ ಜರ್ಮನಿಯ ಬಾಡಿಗೆ ರೂಮಿನಲ್ಲಿ, ಎರಡು ದಿನ ಸುಮ್ಮನೆ ಮಳೆ ಸುರಿದಾಗ. ಪುಣೆಯಲ್ಲಿ ಅದು ಈಗಲೂ ಉಪಯೋಗಕ್ಕೆ ಬರುತ್ತಿದೆ.

ಹೀಗೆ ಹತ್ತಿರದಿಂದ ನೋಡಿ ಸಂಬಂಧ ಮುರಿಯುವುದೂ ಉಂಟು. ಮುರಿಯಲಿ ಬಿಡಿ. ಅಪ್ಪ ಅಮ್ಮನನ್ನು ಒಪ್ಪಿಸಿ, ಛತ್ರ ಬುಕ್ ಮಾಡಿ, ಇಬ್ಬರೂ ಕೆಲಸ ಬದಲಿಸಿ ಒಂದೂರಿಗೆ ಬಂದ ಮೇಲೆ ಮುರಿಯುವುದಕ್ಕಿಂತ ಮಾಗ್ಡೆಬುರ್ಗ್‌ನ ಅಡುಗೆಮನೆಯಲ್ಲಿ ಮುರಿಯುವುದು ಇಬ್ಬರಿಗೂ ಕಮ್ಮಿ ನಷ್ಟ. ಅದರಲ್ಲೂ ಹೆಣ್ಣಿಗೆ. ನಮ್ಮಲ್ಲಿ ಕೆಲಸ ಬಿಟ್ಟು ಊರು ಬದಲಿಸುವವಳು ಇನ್ನೂ ಬಹುಪಾಲು ಅವಳೇ. ಯಾವ ಮನುಷ್ಯನಿಗಾಗಿ ಊರು ಬದಲಿಸುತ್ತಿದ್ದೇನೆ ಎಂದು ಅವಳಿಗೆ ಮೊದಲೇ ತಿಳಿದಿರಬೇಕು.

ಆದ್ದರಿಂದ ಯುರೋಪಿನಲ್ಲಿರುವ, ನಾಳೆ ಹೋಗಲಿರುವ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಮೂರು ಭೇಟಿಗೆ ಹೋಟೆಲ್ ಹುಡುಕಬೇಡಿ. ಒಮ್ಮೆ ನೀವು ಅವರ ಊರಿಗೆ, ಒಮ್ಮೆ ಅವರು ನಿಮ್ಮ ಊರಿಗೆ. ದೂರದ ಸಮಪಾಲಿನ ಬದಲು ಸರದಿಯ ಸಮಪಾಲು ಇಟ್ಟುಕೊಳ್ಳಿ, ಸಂಬಳ ಹೆಚ್ಚಿರುವವರು ಹೆಚ್ಚು ಸಲ ರೈಲು ಹತ್ತಿ. ನಾಲ್ಕು ವಾರಾಂತ್ಯಗಳ ದುಡ್ಡನ್ನೂ ರಜೆಯನ್ನೂ ಕೂಡಿಸಿ ವರ್ಷಕ್ಕೊಮ್ಮೆ ಹತ್ತು ದಿನ ಒಂದೇ ಕಡೆ ಇರಿ, ಮೊದಲ ಮೂರು ದಿನ ಕೆಟ್ಟರೂ ಏಳು ದಿನ ಉಳಿಯುತ್ತವೆ. ಮೂರನೇ ಭೇಟಿಯಲ್ಲಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಪಕ್ಕದಲ್ಲಿ ಕೂತವರನ್ನು ತೋರಿಸಿ. ಆಮೇಲೂ ಇಬ್ಬರಿಗೂ ಒಟ್ಟಿಗೆ ಪ್ರಾಗ್ ನೋಡುವ ಆಸೆ ಉಳಿದಿದ್ದರೆ ಧಾರಾಳವಾಗಿ ಹೋಗಿ. ಅಷ್ಟು ಹೊತ್ತಿಗೆ ಬೆಳಿಗ್ಗೆ ಐದೂವರೆಗೆ ಏಳುವವರು ಯಾರು, ಏಳದವರು ಯಾರು ಎಂದಾದರೂ ನಿಮಗೆ ಗೊತ್ತಿರುತ್ತದೆ.